ನಾಯಿ ಬೆಕ್ಕುಗಳ ಪರದೇಶ ಪ್ರಯಾಣಕ್ಕೆ ಮುಂಚಿತವಾಗಿ ಮಾಡತಕ್ಕ ಸಿದ್ಧತೆ

ನಾಯಿ ಬೆಕ್ಕುಗಳ ವಿಮಾನಪ್ರಯಾಣದ ವಿಚಾರವು ವ್ಯವಸಾಯದ ಪತ್ರಿಕೆಯಲ್ಲಿ ಏತಕ್ಕೆ ಬಂದಿತೆಂದು ವಾಚಕ ಮಹಾಶಯರಲ್ಲಿ ಕೆಲವರು ಆಶ್ಚರ್ಯಪಡಬಹುದು. ರಾಗಿಯ ಬಿತ್ತನೆ, ಗೊಬ್ಬರದ ಗುಂಡಿ, ಕೆರೆಯ ಹೂಳು, ರಾಸುಗಳ ಕಾಲುಬಾಯಿ ಜ್ವರ ಇವೇ ಮೊದಲಾದ ವಿಷಯಗಳಿಗೆ ಮೀಸಲಾದ ಸ್ಥಳದಲ್ಲಿ ಇದು ಪಟ್ಟಣವಾಸಿಗಳ ವಿಲಾಸದ ಮಾತಿನಂತೆ ತೋರುವುದು ಸಹಜವೇ ಸರಿ. ಆದರೆ ಬೆಂಗಳೂರಿನ ಪೂರ್ವಭಾಗದ ಈಗಿನ ಸ್ಥಿತಿಯನ್ನು ಬಲ್ಲವರಿಗೆ ಹಾಗೆ ತೋರಲಾರದು. ಕೃಷ್ಣರಾಜಪುರದಿಂದ ಹೊಸಕೋಟೆಯವರೆಗಿನ ಗ್ರಾಮಗಳಲ್ಲಿ ಎರಡು ತಲೆಮಾರುಗಳ ಹಿಂದೆ ರಾಗಿ, ಅವರೆ, ಹುರುಳಿಗಳನ್ನು ಬೆಳೆಯುತ್ತಿದ್ದ ಮನೆತನಗಳ ಮಕ್ಕಳು ಇಂದು ವಿದ್ಯಾವಂತರಾಗಿ, ಜರ್ಮನಿ, ಇಂಗ್ಲೆಂಡು, ಅಮೆರಿಕ, ಜಪಾನು ಮುಂತಾದ ದೇಶಗಳಿಗೆ ಉದ್ಯೋಗಾರ್ಥವಾಗಿ ತೆರಳುತ್ತಿದ್ದಾರೆ. ಅವರು ಇಂದಿರಾನಗರದಲ್ಲಿಯೋ ಹಲಸೂರಿನಲ್ಲಿಯೋ ಮನೆ ಹಿಡಿದು, ಪ್ರೀತಿಯಿಂದ ಒಂದು ನಾಯಿಯನ್ನೋ ಬೆಕ್ಕನ್ನೋ ಸಾಕಿಕೊಂಡಿರುತ್ತಾರೆ. ಪರದೇಶದ ಕೆಲಸವು ಗೊತ್ತಾದ ಮೇಲೆ ವಿಚಾರಿಸಿ ನೋಡಿದರೆ, ಆ ಪ್ರಾಣಿಯು ಇನ್ನು ನಾಲ್ಕೈದು ತಿಂಗಳು ಹೊರಡುವಂತಿಲ್ಲವೆಂದು ತಿಳಿಯುತ್ತದೆ. ಆಗ ಅದು ಬಂದು ಸೇರುವುದು ತಂದೆಯ ಮನೆಯ ಜಗಲಿಯನ್ನು. ಹೀಗೆ ಪಟ್ಟಣದ ಪ್ರಾಣಿಯ ಭಾರವು ಗ್ರಾಮದ ಯಜಮಾನರ ತಲೆಯ ಮೇಲೆ ಬೀಳುತ್ತಿರುವುದರಿಂದ, ಅದರ ವಿಚಾರವೂ ಅವರಿಗೆ ತಿಳಿದಿರುವುದು ಒಳ್ಳೆಯದು.

ನಮಗೆ ತಿಳಿದ ಒಂದು ಸಂದರ್ಭವನ್ನು ಹೇಳುತ್ತೇವೆ. ಹೊಸಕೋಟೆಯ ಮಾರ್ಗದಲ್ಲಿರುವ ಗ್ರಾಮವೊಂದರ ಭೂಮಾಲೀಕರೊಬ್ಬರ ಮಗಳು ಜರ್ಮನಿಗೆ ಹೋಗುವವಳಿದ್ದಳು. ಆಕೆಯ ನಾಯಿಗೆ ವರ್ಷ ವರ್ಷವೂ ತಪ್ಪದೆ ರೇಬೀಸ್ ಲಸಿಕೆಯನ್ನು ಹಾಕಿಸಲಾಗಿತ್ತು. ಪುಸ್ತಕದಲ್ಲಿ ವೈದ್ಯರ ರುಜುವೂ ಮೊಹರೂ ಕ್ರಮವಾಗಿದ್ದವು. ಪ್ರಯಾಣದ ಮಾತು ಬಂದಾಗ ನಾಯಿಯ ಚರ್ಮದೊಳಗೆ ಮೈಕ್ರೋಚಿಪ್ಪನ್ನು ಇರಿಸಿ, ರಕ್ತವನ್ನು ಪರೀಕ್ಷೆಗೆ ಕಳುಹಿಸಿ, ಎಲ್ಲವೂ ಸಿದ್ಧವಾಯಿತೆಂದು ನಿಶ್ಚಿಂತರಾಗಿದ್ದರು. ಆದರೆ ಚಿಪ್ಪಿನ ತಾರೀಖು ಲಸಿಕೆಯ ತಾರೀಖಿಗಿಂತ ಈಚಿನದಾಗಿತ್ತು. ಚಿಪ್ಪಿಲ್ಲದ ದಿವಸ ಹಾಕಿದ ಲಸಿಕೆಯು ಇದೇ ನಾಯಿಗೆ ಹಾಕಿದ್ದೆಂಬುದಕ್ಕೆ ಪುರಾವೆಯಿಲ್ಲವೆಂಬ ಕಾರಣದಿಂದ ಲಸಿಕೆಯೂ ಅಸಿಂಧುವಾಯಿತು; ಅದನ್ನು ಅವಲಂಬಿಸಿದ್ದ ರಕ್ತಪರೀಕ್ಷೆಯೂ ಅಸಿಂಧುವಾಯಿತು. ಮಗಳು ಗೊತ್ತಾದ ದಿವಸ ಹೊರಟುಹೋದಳು. ನಾಯಿಯು ಹಳ್ಳಿಗೆ ಬಂದು ಮೊದಲ ಒಂದು ವಾರ ಅನ್ನವನ್ನೇ ಮುಟ್ಟಲಿಲ್ಲ. ಮರಳಿ ಲಸಿಕೆ, ಮರಳಿ ರಕ್ತ, ಮರಳಿ ಕಾಯುವಿಕೆ, ಎಲ್ಲವೂ ಆಗಿ ಅದು ವಿಮಾನ ಹತ್ತುವಷ್ಟರಲ್ಲಿ ಐದು ತಿಂಗಳುಗಳು ಕಳೆದವು; ಖರ್ಚು ಎರಡರಷ್ಟಾಯಿತು. ಹಣದ ಕೊರತೆಯಾಗಲಿ, ಮನಸ್ಸಿನ ಕೊರತೆಯಾಗಲಿ ಆ ಮನೆಯಲ್ಲಿರಲಿಲ್ಲ. ಎರಡು ತಾರೀಖುಗಳು ಹಿಂದುಮುಂದಾದುದೇ ಇಷ್ಟಕ್ಕೆಲ್ಲ ಕಾರಣ.

ಪರದೇಶದವರು ನಮ್ಮ ಒಂದು ನಾಯಿಯ ವಿಷಯದಲ್ಲಿ ಇಷ್ಟು ನಿಷ್ಠುರರಾಗಿರುವುದೇಕೆಂಬುದನ್ನು ಬೆಂಗಳೂರಿನ ದಂಡು ಪ್ರದೇಶದ ಚರಿತ್ರೆಯಿಂದಲೇ ತಿಳಿಯಬಹುದು. ೧೮೦೯ರಲ್ಲಿ ಹಲಸೂರಿನ ಬಳಿ ಇಂಗ್ಲಿಷರ ದಂಡು ನೆಲೆಯೂರಿದಂದಿನಿಂದ ೧೯೪೭ರಲ್ಲಿ ಆ ಪ್ರದೇಶವು ಮೈಸೂರು ಸರ್ಕಾರಕ್ಕೆ ಹಿಂದಿರುಗುವವರೆಗೂ ಅಲ್ಲಿನ ಅಧಿಕಾರಿಗಳ ಬಂಗಲೆಗಳಲ್ಲಿ ನಾಯಿಗಳಿಗೆ ಕೊರತೆಯಿರಲಿಲ್ಲ. ಕೆಲಸದ ಅವಧಿಯು ತೀರಿ ಸ್ವದೇಶಕ್ಕೆ ಹೊರಡುವಾಗ ನಾಯಿಯನ್ನೂ ಒಯ್ಯಬೇಕೆಂಬ ಆಸೆ ಅವರಿಗೂ ಇದ್ದೇ ಇತ್ತು. ಆದರೆ ಅವರದೇ ಸರ್ಕಾರವು ಹೊರಗಿನಿಂದ ಬಂದ ನಾಯಿಯನ್ನು ಆರು ತಿಂಗಳು ಪ್ರತ್ಯೇಕವಾಗಿ ಕೂಡಿಹಾಕುವ ನಿಯಮವನ್ನು ಮಾಡಿತ್ತು. ಇಂಗ್ಲೆಂಡು ೧೯೦೨ರಲ್ಲಿ ಹುಚ್ಚುನಾಯಿ ರೋಗದಿಂದ ಮುಕ್ತವಾಯಿತು. ಒಂದನೆಯ ಮಹಾಯುದ್ಧವು ಮುಗಿಯುವ ಕಾಲಕ್ಕೆ, ೧೯೧೮ರಲ್ಲಿ, ಹಿಂದಿರುಗುವ ಸಿಪಾಯಿಗಳು ಗುಟ್ಟಾಗಿ ತಂದ ನಾಯಿಗಳಿಂದ ರೋಗವು ಮತ್ತೆ ಹೊಕ್ಕಿತು. ಅದನ್ನು ಅಳಿಸುವುದಕ್ಕೆ ೧೯೨೨ರವರೆಗೆ ಹೆಣಗಬೇಕಾಯಿತು. ಆರು ತಿಂಗಳ ಬಂಧನವೂ ಪೂರ್ಣವಾದ ರಕ್ಷೆಯಾಗಿರಲಿಲ್ಲ. ಜರ್ಮನಿಯಿಂದ ಬಂದ ನಾಯಿಯೊಂದು ಅವಧಿಯನ್ನು ಮುಗಿಸಿ ಬಿಡುಗಡೆಯಾದ ಸ್ವಲ್ಪ ದಿವಸಗಳಲ್ಲಿಯೇ, ೧೯೬೯ರಲ್ಲಿ, ಕ್ಯಾಂಬರ್ಲಿ ಎಂಬ ಊರಿನಲ್ಲಿ ಹುಚ್ಚು ಹಿಡಿದು ಕಚ್ಚಿತು. ಭಾರತದಿಂದ ಹೋದ ನಾಯಿಗಳಿಗೆ ಆ ದೇಶದಲ್ಲಿ ಆರು ತಿಂಗಳ ಬಂಧನವು ತಪ್ಪಿದ್ದು ೨೦೧೨ರ ಜನವರಿ ೧ರಿಂದ ಈಚೆಗೆ ಮಾತ್ರ. ಅಂದಿನಿಂದ ಬಂಧನದ ಬದಲಿಗೆ ಚಿಪ್ಪು, ಲಸಿಕೆ, ರಕ್ತಪರೀಕ್ಷೆ ಮತ್ತು ಊರಿನಲ್ಲಿಯೇ ಕಾಯುವಿಕೆ ಎಂಬ ಈಗಿನ ಕ್ರಮವು ಜಾರಿಗೆ ಬಂದಿತು.

ಆ ಕಾಲದಲ್ಲಿ ನಮ್ಮ ಜನರ ಪಾಡು ಹೇಗಿತ್ತೆಂಬುದನ್ನೂ ಮರೆಯಲಾಗದು. ೧೯೦೭ರಲ್ಲಿ ಕೂನೂರಿನಲ್ಲಿ ಪಾಸ್ತರ್ ಸಂಸ್ಥೆಯು ಏರ್ಪಡುವವರೆಗೆ, ಹುಚ್ಚುನಾಯಿಯಿಂದ ಕಚ್ಚಿಸಿಕೊಂಡವನು ಚಿಕಿತ್ಸೆಗಾಗಿ ಈಗಿನ ಹಿಮಾಚಲ ಪ್ರದೇಶದ ಕಸೌಲಿಗೆ ಹೋಗಬೇಕಾಗಿತ್ತು. ಹೋಗಲಾರದವರ ಗತಿಯನ್ನು ಹೇಳಬೇಕಾಗಿಲ್ಲ. ಇಂದಿಗೂ ಪ್ರಪಂಚದಲ್ಲಿ ಈ ರೋಗದಿಂದ ಸಾಯುವ ನೂರು ಜನರಲ್ಲಿ ಸುಮಾರು ೩೬ ಮಂದಿ ನಮ್ಮ ದೇಶದವರೇ ಎಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಆದಕಾರಣ ಪರದೇಶದ ಅಧಿಕಾರಿಯು ಸಂಶಯಪಡುವುದು ನಿಮ್ಮ ನಾಯಿಯನ್ನಲ್ಲ, ಅದು ನಡೆದಾಡಿದ ಬೀದಿಯನ್ನು. ಎಷ್ಟೇ ಶುಚಿಯಾಗಿ ಸಾಕಿದ ಪ್ರಾಣಿಯಾದರೂ ಈ ಸಂಶಯದಿಂದ ಪಾರಾಗಲಾರದು.

ರೋಗದ ಸ್ವಭಾವವನ್ನು ತಿಳಿದರೆ ಕಾಯುವ ದಿವಸಗಳ ಅರ್ಥವೂ ತಿಳಿಯುತ್ತದೆ. ಕಚ್ಚಿದ ಗಾಯದ ಮೂಲಕ ಹೊಕ್ಕ ವಿಷಾಣುವು ರಕ್ತದಲ್ಲಿ ಓಡದೆ, ನರಗಳ ದಾರಿಯನ್ನು ಹಿಡಿದು ನಿಧಾನವಾಗಿ ಮೆದುಳಿನ ಕಡೆಗೆ ಸಾಗುತ್ತದೆ. ಈ ಪಯಣಕ್ಕೆ ಕೆಲವು ವಾರಗಳಿಂದ ಹಲವು ತಿಂಗಳುಗಳವರೆಗೂ ಹಿಡಿಯಬಹುದು. ಅಷ್ಟು ಕಾಲವೂ ಪ್ರಾಣಿಯು ನೋಡುವುದಕ್ಕೆ ಆರೋಗ್ಯವಾಗಿಯೇ ಇರುತ್ತದೆ. ಮೆದುಳನ್ನು ಸೇರಿದ ಮೇಲೆ ಔಷಧವಿಲ್ಲ. ಇಂದು ಲಸಿಕೆ ಹಾಕಿಸಿ ನಾಳೆ ಹೊರಡುವ ನಾಯಿಯು ಮೊನ್ನೆಯೇ ಕಚ್ಚಿಸಿಕೊಂಡಿರಲಿಲ್ಲವೆಂದು ಯಾರೂ ಹೇಳಲಾರರು. ಲಸಿಕೆಯು ಫಲಿಸಿದೆಯೇ ಎಂಬುದನ್ನು ರಕ್ತಪರೀಕ್ಷೆಯು ತಿಳಿಸುತ್ತದೆ. ಒಳಗೆ ಮೊದಲೇ ರೋಗವು ಅಡಗಿತ್ತೇ ಎಂಬುದನ್ನು ಕಾಲವು ಮಾತ್ರ ತಿಳಿಸಬಲ್ಲುದು. ಈ ಎರಡಕ್ಕೂ ಹಣದಿಂದಾಗಲಿ ಶಿಫಾರಸಿನಿಂದಾಗಲಿ ಬದಲಿಯಿಲ್ಲ.

ಇನ್ನು ಕೆಲಸಗಳ ಕ್ರಮ. ಉಳುಮೆಗೆ ಮುಂಚೆ ಬಿತ್ತುವವರಿಲ್ಲ. ಹಾಗೆಯೇ ಇಲ್ಲಿಯೂ ಒಂದರ ನಂತರ ಒಂದು ಬರತಕ್ಕದ್ದು. ಮೊದಲನೆಯದು ಮೈಕ್ರೋಚಿಪ್ಪು. ಅಕ್ಕಿಯ ಕಾಳಿನಷ್ಟು ಗಾತ್ರದ ಈ ವಸ್ತುವನ್ನು ಸೂಜಿಯ ಮೂಲಕ ಭುಜದ ಮೂಳೆಗಳ ನಡುವೆ ಚರ್ಮದ ಅಡಿಯಲ್ಲಿ ಇರಿಸುತ್ತಾರೆ. ಹಸುವಿನ ಕಿವಿಗೆ ಹಾಕುವ ೧೨ ಅಂಕಿಗಳ ಹಳದಿ ಬಿಲ್ಲೆಯನ್ನು ನೀವೆಲ್ಲರೂ ಬಲ್ಲಿರಿ. ಇದೂ ಅದೇ ಬಗೆಯ ಗುರುತು, ಆದರೆ ಹೊರಗೆ ಕಾಣಿಸುವುದಿಲ್ಲ, ಕಿತ್ತುಹಾಕುವುದಕ್ಕೂ ಆಗುವುದಿಲ್ಲ, ಅಂಕಿಗಳು ೧೫. ಅಂತರರಾಷ್ಟ್ರೀಯ ಮಾನದಂಡದ ಚಿಪ್ಪನ್ನೇ ಹಾಕಿಸಬೇಕು. ಹಾಕಿದ ಕೂಡಲೇ ಯಂತ್ರದಿಂದ ಓದಿಸಿ, ಅಂಕಿಗಳನ್ನು ನಿಮ್ಮ ಕಣ್ಣೆದುರಿಗೇ ಪುಸ್ತಕದಲ್ಲಿ ಬರೆಯಿಸಿಕೊಳ್ಳಬೇಕು. ಒಂದು ಅಂಕಿ ತಪ್ಪಾದರೂ ಮುಂದಿನ ಕಾಗದಗಳೆಲ್ಲವೂ ಬೇರೊಂದು ನಾಯಿಯ ಕಾಗದಗಳಾಗುವುವು.

ಚಿಪ್ಪನ್ನು ಇರಿಸಿದ ನಂತರ, ಅಥವಾ ಅದೇ ದಿವಸ ಚಿಪ್ಪಿನ ತರುವಾಯ, ರೇಬೀಸ್ ಲಸಿಕೆ. ಪ್ರಾಣಿಗೆ ಕನಿಷ್ಠ ೧೨ ವಾರಗಳ ವಯಸ್ಸಾಗಿರಬೇಕು. ಲಸಿಕೆಯಾದ ೩೦ ದಿವಸಗಳ ಮೇಲೆ ರಕ್ತವನ್ನು ತೆಗೆಯಿಸಬೇಕು. ಒಂದು ಮಿಲಿಲೀಟರು ಸೀರಮ್ಮಿನಲ್ಲಿ ರೋಗವನ್ನೆದುರಿಸುವ ಪ್ರತಿಕಾಯಗಳು ಕನಿಷ್ಠ ಅರ್ಧ ಅಂತರರಾಷ್ಟ್ರೀಯ ಘಟಕದಷ್ಟು ಇದ್ದರೆ ಲಸಿಕೆಯು ಫಲಿಸಿತೆಂದು ಲೆಕ್ಕ. ಈ ರಕ್ತವನ್ನು ಯಾವ ಪ್ರಯೋಗಾಲಯಕ್ಕೆ ಕಳುಹಿಸುವುದೆಂಬುದು ಬಹು ಮುಖ್ಯ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿರುವ ರೇಬೀಸ್ ಪ್ರಯೋಗಾಲಯವು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮನ್ನಣೆಯನ್ನು ಪಡೆದ ದೊಡ್ಡ ಸಂಸ್ಥೆ. ಇದು ನಮ್ಮ ನಾಡಿಗೆ ಹೆಮ್ಮೆಯ ವಿಷಯ. ಆದರೂ ಪ್ರತಿಯೊಂದು ದೇಶವೂ ತಾನು ಒಪ್ಪುವ ಪ್ರಯೋಗಾಲಯಗಳ ಪಟ್ಟಿಯನ್ನು ತಾನೇ ಪ್ರಕಟಿಸುತ್ತದೆ. ಆ ಪಟ್ಟಿಯನ್ನು ನೋಡದೆ ರಕ್ತವನ್ನು ಕಳುಹಿಸಿದರೆ ಫಲಿತಾಂಶವು ಸತ್ಯವಾಗಿದ್ದರೂ ಪ್ರಯೋಜನಕ್ಕೆ ಬಾರದೆ ಹೋಗಬಹುದು.

ಐರೋಪ್ಯ ಒಕ್ಕೂಟದ ದೇಶಗಳಿಗೂ ಇಂಗ್ಲೆಂಡಿಗೂ ಹೋಗುವ ಪ್ರಾಣಿಯು ರಕ್ತ ತೆಗೆದ ದಿವಸದಿಂದ ಮೂರು ತಿಂಗಳು ಪೂರ್ತಿಯಾಗಿ ಕಾಯಬೇಕು. ಫಲಿತಾಂಶವು ಬಂದ ದಿವಸದಿಂದಲ್ಲ, ರಕ್ತ ತೆಗೆದ ದಿವಸದಿಂದ ಎಂಬುದನ್ನು ಗಮನಿಸತಕ್ಕದ್ದು. ಹೀಗೆ ಲಸಿಕೆಯಿಂದ ಎಣಿಸಿದರೆ ನಾಲ್ಕು ತಿಂಗಳಿಗೆ ಕಡಿಮೆಯಾಗದು. ಅಂಚೆ, ರಜೆ, ಮರುಪರೀಕ್ಷೆ ಇವುಗಳನ್ನೆಲ್ಲ ಸೇರಿಸಿ ಆರು ತಿಂಗಳನ್ನು ಕೈಯಲ್ಲಿಟ್ಟುಕೊಂಡವರೇ ಜಾಣರು. ಸಂಕ್ರಾಂತಿಯಲ್ಲಿ ಆರಂಭಿಸಿದರೆ ಮುಂಗಾರಿನ ಬಿತ್ತನೆಯ ವೇಳೆಗೆ ನಾಯಿಯು ಹೊರಡಬಹುದೆಂದು ಸ್ಥೂಲವಾಗಿ ತಿಳಿಯಬಹುದು. ಬೆಕ್ಕಿಗೂ ಇದೇ ಲೆಕ್ಕ. ಇಂಗ್ಲೆಂಡು, ಐರ್ಲೆಂಡು, ಫಿನ್‌ಲೆಂಡು, ಮಾಲ್ಟ, ನಾರ್ವೆ ದೇಶಗಳಿಗೆ ಹೋಗುವ ನಾಯಿಗೆ ಮಾತ್ರ, ಆ ನೆಲವನ್ನು ಮುಟ್ಟುವುದಕ್ಕೆ ೨೪ರಿಂದ ೧೨೦ ಗಂಟೆಗಳ ಮುಂಚೆ, ಲಾಡಿಹುಳುವಿನ ಔಷಧವನ್ನು ವೈದ್ಯರೇ ಕೊಟ್ಟು ವೇಳೆಯನ್ನು ಬರೆದಿರಬೇಕು. ಇಂಗ್ಲೆಂಡಿಗೆ ವಿಮಾನದಲ್ಲಿ ಹೋಗುವ ಪ್ರಾಣಿಯನ್ನು ಪ್ರಯಾಣಿಕರ ಜೊತೆಯಲ್ಲಿ ಬಿಡುವುದಿಲ್ಲ. ಅದು ಸರಕಾಗಿಯೇ ಹೋಗಬೇಕು.

ಜಪಾನಿನವರ ನಿಯಮವು ಇನ್ನೂ ದೀರ್ಘ. ೧೯೫೭ರಿಂದ ಆ ದೇಶದ ಪ್ರಾಣಿಗಳಲ್ಲಿ ಈ ರೋಗವಿಲ್ಲ. ಬಾರದಿರಲೆಂದು ಅವರು ಚಿಪ್ಪಿನ ನಂತರ ಎರಡು ಲಸಿಕೆಗಳನ್ನೂ, ರಕ್ತ ತೆಗೆದ ಮೇಲೆ ೧೮೦ ದಿವಸಗಳ ಕಾಯುವಿಕೆಯನ್ನೂ, ತಲುಪುವುದಕ್ಕೆ ೪೦ ದಿವಸಗಳ ಮುಂಚೆ ಲಿಖಿತ ಸೂಚನೆಯನ್ನೂ ವಿಧಿಸಿದ್ದಾರೆ. ಅವಧಿ ತುಂಬದೆ ಹೋದ ಪ್ರಾಣಿಯು ಉಳಿದ ದಿವಸಗಳನ್ನು ಅಲ್ಲಿನ ಕ್ವಾರಂಟೈನಿನಲ್ಲಿ ಕಳೆಯಬೇಕಾಗುತ್ತದೆ. ಆಸ್ಟ್ರೇಲಿಯವಂತೂ ಭಾರತದಿಂದ ನೇರವಾಗಿ ನಾಯಿ ಬೆಕ್ಕುಗಳನ್ನು ಬರಗೊಡುವುದಿಲ್ಲ. ಅದು ಒಪ್ಪಿದ ಬೇರೊಂದು ದೇಶದಲ್ಲಿ ಬಹುಕಾಲ ಇದ್ದು, ಬಳಿಕ ಮೆಲ್ಬೋರ್ನ್ ಬಳಿಯ ಮಿಕ್ಲ್‌ಹ್ಯಾಮಿನ ಕ್ವಾರಂಟೈನನ್ನು ದಾಟಿಯೇ ಒಳಗೆ ಹೋಗಬೇಕು. ಅಲ್ಲಿಗೆ ಹೋಗುವ ಮಕ್ಕಳಿರುವ ಮನೆಯವರು ಪ್ರಾಣಿಯನ್ನು ಸಾಕುವುದಕ್ಕೆ ಮುಂಚೆಯೇ ಇದನ್ನು ಯೋಚಿಸುವುದು ಲೇಸು.

ಅಮೆರಿಕದ ವಿಷಯದಲ್ಲಿ ಒಂದು ಹಳೆಯ ನಂಬಿಕೆಯು ನಮ್ಮಲ್ಲಿ ಉಳಿದುಕೊಂಡಿದೆ. ಲಸಿಕೆಯ ಕಾಗದವೊಂದಿದ್ದರೆ ಸಾಕು, ಅಲ್ಲಿ ಯಾವ ತೊಡಕೂ ಇಲ್ಲ ಎಂಬುದೇ ಅದು. ಹಿಂದೆ ಹಾಗೆ ಇದ್ದುದು ನಿಜ. ಆದರೆ ೨೦೨೦ರಲ್ಲಿ ಸುಳ್ಳು ಅಥವಾ ದೋಷಯುಕ್ತವಾದ ಲಸಿಕೆಪತ್ರಗಳೊಡನೆ ಬಂದ ನಾಯಿಗಳ ಸಂಖ್ಯೆ ಬಹಳವಾಗಿ ಹೆಚ್ಚಿದುದರಿಂದ, ೨೦೨೧ರ ಜುಲೈ ೧೪ರಿಂದ ರೋಗಭಯ ಹೆಚ್ಚಾಗಿರುವ ದೇಶಗಳ ನಾಯಿಗಳನ್ನು ಆ ಸರ್ಕಾರವು ತಾತ್ಕಾಲಿಕವಾಗಿ ತಡೆಯಿತು. ನಮ್ಮ ದೇಶವೂ ಆ ಪಟ್ಟಿಯಲ್ಲಿತ್ತು. ೨೦೨೪ರ ಆಗಸ್ಟ್ ೧ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ನಾಯಿಗೆ ಆರು ತಿಂಗಳು ತುಂಬಿರಬೇಕು, ಚಿಪ್ಪು ಇರಬೇಕು, ಭಾರತದಲ್ಲಿ ಲಸಿಕೆ ಪಡೆದ ನಾಯಿಯ ವಿಷಯದಲ್ಲಿ ಸರ್ಕಾರಿ ಪಶುವೈದ್ಯಾಧಿಕಾರಿಯು ಒಪ್ಪಿ ರುಜು ಮಾಡಿದ ನಮೂನೆಯೂ, ಅವರು ಮಾನ್ಯಮಾಡಿದ ಪ್ರಯೋಗಾಲಯದ ರಕ್ತಪರೀಕ್ಷೆಯೂ, ಇಳಿಯುವ ವಿಮಾನನಿಲ್ದಾಣದಲ್ಲಿ ನೋಂದಾಯಿತವಾದ ಪ್ರಾಣಿಪಾಲನ ಕೇಂದ್ರದಲ್ಲಿ ಮುಂಗಡವಾಗಿ ಗೊತ್ತುಮಾಡಿದ ಸ್ಥಳವೂ ಬೇಕು. ರಕ್ತಪರೀಕ್ಷೆಯಿಲ್ಲದಿದ್ದರೆ ೨೮ ದಿವಸಗಳ ಬಂಧನ, ಅದೂ ಮಾಲೀಕನ ಖರ್ಚಿನಲ್ಲಿ. ಬೆಕ್ಕುಗಳಿಗೆ ಅಲ್ಲಿನ ಕೇಂದ್ರ ಸರ್ಕಾರವು ಇಷ್ಟು ಬಿಗಿಯನ್ನು ಮಾಡಿಲ್ಲ. ಯಾರದೋ ಸುಳ್ಳು ಕಾಗದಗಳಿಂದ ಪ್ರಾಮಾಣಿಕರ ದಾರಿಯು ಹೇಗೆ ಕಟ್ಟಿಹೋಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಡ. ಪ್ರಾಣಿಯನ್ನು ನೋಡದೆಯೇ ಹಿಂದಿನ ತಾರೀಖು ಹಾಕಿದ ಲಸಿಕೆಪತ್ರವನ್ನು ಕೊಡಿಸುವೆವೆಂದು ಹೇಳುವ ದಲ್ಲಾಳಿಗಳು ಕಂಡರೆ ಅಂತಹವರನ್ನು ಬಾಗಿಲಿನಲ್ಲಿಯೇ ಹಿಂದಿರುಗಿಸತಕ್ಕದ್ದು. ಕಾಗದವು ಸುಳ್ಳೆಂದು ಪರದೇಶದ ನಿಲ್ದಾಣದಲ್ಲಿ ಗೊತ್ತಾದರೆ ಪ್ರಾಣಿಯನ್ನು ಹಿಂದಕ್ಕೆ ಕಳುಹಿಸುತ್ತಾರೆ, ಅಥವಾ ಕೂಡಿಹಾಕುತ್ತಾರೆ. ಎರಡೂ ಸಾಧ್ಯವಾಗದೆಡೆಯಲ್ಲಿ ಅದನ್ನು ಕೊಲ್ಲುವುದಕ್ಕೂ ಐರೋಪ್ಯರ ಕಾನೂನಿನಲ್ಲಿ ಅವಕಾಶವುಂಟು.

ಒಕ್ಕಲುತನದ ಮನೆಗಳಿಂದ ಹೋಗುವ ನಾಯಿಗಳಿಗೆ ಸಂಬಂಧಿಸಿದ ಇನ್ನೊಂದು ವಿಷಯವನ್ನು ಪಟ್ಟಣದ ಸಲಹೆಗಾರರು ಸಾಮಾನ್ಯವಾಗಿ ಹೇಳುವುದೇ ಇಲ್ಲ. ನಮ್ಮ ದೇಶದ ರಾಸುಗಳಲ್ಲಿ ಕಾಲುಬಾಯಿ ಜ್ವರವಿದೆ, ಅಮೆರಿಕದಲ್ಲಿ ಇಲ್ಲ. ನಾಯಿಗೆ ಆ ಜ್ವರವು ತಗಲದಿದ್ದರೂ ಅದರ ಕಾಲಿನ ಕೆಸರು, ಕೂದಲು, ಹಾಸಿಗೆ ಇವುಗಳ ಮೂಲಕ ವಿಷಾಣುವು ಪಯಣಮಾಡಬಲ್ಲುದು. ಆದುದರಿಂದ ಅಲ್ಲಿಗೆ ಹೋಗುವ ನಾಯಿಯ ಪಾದಗಳಲ್ಲಿಯೂ ಮೈಮೇಲೂ ಮಣ್ಣಿರಕೂಡದು. ಪೆಟ್ಟಿಗೆಯಲ್ಲಿ ಹುಲ್ಲನ್ನು ಹಾಸಕೂಡದು. ತಲುಪಿದ ಕೂಡಲೇ ಸ್ನಾನ ಮಾಡಿಸಬೇಕು. ಕನಿಷ್ಠ ಐದು ದಿವಸ ಯಾವ ದನಕುರಿಗಳ ಹತ್ತಿರಕ್ಕೂ ಬಿಡಕೂಡದು. ಹಾಗೆಯೇ ಗಾಯದಲ್ಲಿ ಹುಳು ಬೀಳುವ ಉಪದ್ರವವು ನಮ್ಮ ರಾಸುಗಳಿಗೆ ಹೊಸದಲ್ಲ. ಜೀವಂತ ಮಾಂಸವನ್ನು ತಿನ್ನುವ ಆ ನೊಣದ ಹುಳುವು ನಾಯಿಯ ಮೈಮೇಲಿಲ್ಲವೆಂದು ಹೊರಡುವ ಮುನ್ನ ಐದು ದಿವಸಗಳೊಳಗೆ ಪರೀಕ್ಷಿಸಿದ ಪ್ರಮಾಣಪತ್ರವನ್ನೂ ಅವರು ಕೇಳುತ್ತಾರೆ. ಹೊಸ ಹುಲ್ಲಿನ ಮೆತ್ತೆಯನ್ನು ಮಾಡಿ ಕಳುಹಿಸಬೇಕೆಂದು ಪ್ರೀತಿಯಿಂದ ಯೋಚಿಸುವ ತಾಯಂದಿರಿಗೆ ಇದನ್ನು ವಿಶೇಷವಾಗಿ ತಿಳಿಸತಕ್ಕದ್ದು. ಹಳೆಯ ಹತ್ತಿಯ ಬಟ್ಟೆಯೇ ಸಾಕು.

ಪೆಟ್ಟಿಗೆಯ ವಿಚಾರವು ಸುಲಭವೆಂದು ತೋರಿದರೂ ಅನೇಕರು ಇಲ್ಲಿಯೇ ಎಡವುತ್ತಾರೆ. ಪ್ರಾಣಿಯು ಅದರಲ್ಲಿ ಸಹಜವಾಗಿ ನಿಲ್ಲುವುದಕ್ಕೂ, ತಿರುಗುವುದಕ್ಕೂ, ಮಲಗುವುದಕ್ಕೂ ಸ್ಥಳವಿರಬೇಕೆಂಬುದು ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ನಿಯಮ. ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈಯವರೆಗಿನ ಎತ್ತರದ ಅರ್ಧವನ್ನು ಕೂಡಿಸಿದರೆ ಪೆಟ್ಟಿಗೆಯ ಉದ್ದ. ಭುಜಗಳ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ನಿಂತಾಗ ತಲೆ ಅಥವಾ ಕಿವಿಯ ತುದಿಯವರೆಗಿನ ಎತ್ತರಕ್ಕೆ ಹಾಸಿಗೆಯ ದಪ್ಪವನ್ನು ಸೇರಿಸಿದರೆ ಪೆಟ್ಟಿಗೆಯ ಎತ್ತರ. ಈ ಅಳತೆಗಳೆಲ್ಲವೂ ಒಳಗಿನ ಅಳತೆಗಳು. ಮರದ ಪೆಟ್ಟಿಗೆಯನ್ನು ಒಪ್ಪುವ ಸಂಸ್ಥೆಯಾದರೆ ಊರಿನ ಬಡಗಿಯೂ ಇದನ್ನು ಮಾಡಬಲ್ಲನು. ಆದರೆ ಗಾಳಿಯ ಕಿಂಡಿ, ಬಾಗಿಲಿನ ಚಿಲಕ, ಹೊರಗಿನಿಂದ ನೀರು ತುಂಬುವ ಬಟ್ಟಲು ಇವುಗಳ ವಿಷಯವನ್ನು ಮೊದಲೇ ಬರೆಯಿಸಿ ತಿಳಿದುಕೊಂಡಿರಬೇಕು.

ಪೆಟ್ಟಿಗೆಯನ್ನು ಹೊರಡುವ ದಿವಸ ತರುವುದು ದೊಡ್ಡ ತಪ್ಪು. ಒಂದೆರಡು ತಿಂಗಳು ಮುಂಚೆಯೇ ಅದನ್ನು ಮನೆಯಲ್ಲಿ ಬಾಗಿಲು ತೆರೆದು ಇರಿಸಿ, ಊಟವನ್ನು ಅದರೊಳಗೇ ಹಾಕುತ್ತ ಬಂದರೆ ನಾಯಿಯು ಅದನ್ನು ತನ್ನ ಮನೆಯೆಂದೇ ತಿಳಿಯುವುದು. ಬಳಿಕ ಬಾಗಿಲನ್ನು ಕ್ಷಣಕಾಲ, ಕಾಲುಗಂಟೆ, ಒಂದು ಗಂಟೆ ಎಂದು ಕ್ರಮವಾಗಿ ಮುಚ್ಚಬೇಕು. ಬೆಕ್ಕಿನ ವಿಷಯದಲ್ಲಿ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಬಲವಂತವಾಗಿ ಒಮ್ಮೆ ತುರುಕಿದ ಬೆಕ್ಕು ಪೆಟ್ಟಿಗೆಯನ್ನು ಕಂಡರೆ ಅಟ್ಟವನ್ನೇರುವುದು. ದಾರಿಯಲ್ಲಿ ನಿದ್ರಿಸಲೆಂದು ಮತ್ತಿನ ಔಷಧವನ್ನು ಕೊಡುವ ವಾಡಿಕೆಯನ್ನು ಬಿಡಲೇಬೇಕು. ಮತ್ತಿನಲ್ಲಿರುವ ಪ್ರಾಣಿಯ ಉಸಿರಾಟವೂ ರಕ್ತದ ಒತ್ತಡವೂ ಕುಗ್ಗುತ್ತವೆ. ಮೈಯ ಶಾಖವನ್ನು ಕಾಪಾಡಿಕೊಳ್ಳುವ ಶಕ್ತಿಯು ಕುಂದುತ್ತದೆ. ಆಕಾಶದಲ್ಲಿ ನೋಡುವವರಾರೂ ಇರುವುದಿಲ್ಲ. ಮತ್ತಿನಲ್ಲಿರುವ ಪ್ರಾಣಿಯನ್ನು ವಿಮಾನದವರೇ ನಿರಾಕರಿಸುವುದೂ ಉಂಟು.

ಇಲ್ಲಿ ತಳಿಯ ಮಾತು ಬರುತ್ತದೆ. ಇಂದಿರಾನಗರದ ಕಡೆ ಬಹು ಪ್ರೀತಿಪಾತ್ರವಾಗಿರುವ ಪಗ್ ಮತ್ತು ಬುಲ್‌ಡಾಗ್ ನಾಯಿಗಳಿಗೂ ಪರ್ಷಿಯನ್ ಬೆಕ್ಕುಗಳಿಗೂ ಮೂಗು ಮೊಟಕಾದುದರಿಂದ ಶಾಖವನ್ನು ಹೊರಹಾಕುವುದೂ ಉಸಿರಾಡುವುದೂ ಕಷ್ಟ. ಅನೇಕ ವಿಮಾನ ಸಂಸ್ಥೆಗಳು ಇವನ್ನು ಒಯ್ಯುವುದಿಲ್ಲ, ಅಥವಾ ಬೇಸಗೆಯಲ್ಲಿ ಒಯ್ಯುವುದಿಲ್ಲ. ನಮ್ಮ ಕಣದ ಬಳಿ ಬಿದ್ದುಕೊಂಡಿರುವ, ಯಾರೂ ಬೆಲೆಕಟ್ಟದ ನಾಟಿ ನಾಯಿಗೆ ಈ ಯಾವ ತೊಂದರೆಯೂ ಇಲ್ಲ. ಉದ್ದ ಮೂತಿ, ಚಿಕ್ಕ ಕೂದಲು, ಮಿತವಾದ ಊಟ. ಪ್ರಯಾಣಕ್ಕೆ ಇದಕ್ಕಿಂತ ಯೋಗ್ಯವಾದ ನಾಯಿಯು ಬೇರೆಯಿಲ್ಲವೆಂದರೂ ಸಲ್ಲುವುದು. ಶಿವಾಜಿನಗರದ ಅಂಗಡಿಗಳಲ್ಲಿ ಹೆಚ್ಚಿನ ಬೆಲೆ ತೆತ್ತು ಮೊಟಕು ಮೂಗಿನ ಮರಿಯನ್ನು ಕೊಳ್ಳುವ ಯುವಕರು ಇದನ್ನು ಸ್ವಲ್ಪ ಆಲೋಚಿಸಬಹುದು. ಮುಧೋಳದ ಬೇಟೆನಾಯಿಗಳ ಒಂದು ಜೋಡಿಯನ್ನು ಅಲ್ಲಿನ ಘೋರ್ಪಡೆ ರಾಜರು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕೊಟ್ಟರೆಂದು ಹೇಳುವುದುಂಟು. ಆ ತಳಿಯ ಚಿತ್ರವುಳ್ಳ ಅಂಚೆ ಚೀಟಿಯನ್ನು ಭಾರತ ಸರ್ಕಾರವು ೨೦೦೫ರಲ್ಲಿ ಹೊರಡಿಸಿತು. ನಮ್ಮ ನಾಡಿನ ನಾಯಿಯು ಪರದೇಶಕ್ಕೆ ಹೊಸದಲ್ಲ.

ಹೊರಡುವ ದಿವಸವು ಸಮೀಪಿಸಿದಾಗ ನೋಂದಾಯಿತ ಪಶುವೈದ್ಯರಿಂದ ಆರೋಗ್ಯಪತ್ರವನ್ನು ಪಡೆದು, ಪ್ರಾಣಿಯನ್ನೂ ಕಾಗದಗಳನ್ನೂ ಭಾರತ ಸರ್ಕಾರದ ಪ್ರಾಣಿ ಕ್ವಾರಂಟೈನು ಮತ್ತು ಪ್ರಮಾಣೀಕರಣ ಸೇವೆಯ ಅಧಿಕಾರಿಗಳ ಮುಂದೆ ಹಾಜರುಪಡಿಸಬೇಕು. ಇದರ ಕಚೇರಿಗಳು ದೆಹಲಿ, ಮುಂಬಯಿ, ಕೋಲ್ಕತ, ಚೆನ್ನೈ, ಹೈದರಾಬಾದುಗಳಲ್ಲಿರುವಂತೆ ಬೆಂಗಳೂರಿನಲ್ಲಿಯೂ ಉಂಟು. ಐರೋಪ್ಯ ದೇಶಗಳಿಗೆ ಬೇಕಾದ ಸರ್ಕಾರಿ ಪ್ರಮಾಣಪತ್ರವು, ಅಲ್ಲಿಗೆ ತಲುಪುವ ಮುಂಚಿನ ಹತ್ತು ದಿವಸಗಳೊಳಗೆ ಕೊಟ್ಟದ್ದಾಗಿರಬೇಕು. ಮಾಲೀಕನು, ಅಥವಾ ಅವನಿಂದ ಲಿಖಿತ ಅಧಿಕಾರವನ್ನು ಪಡೆದವನು, ಪ್ರಾಣಿಯ ಪ್ರಯಾಣಕ್ಕೆ ಐದು ದಿವಸ ಹಿಂದುಮುಂದಾಗಿ ತಾನೂ ಪ್ರಯಾಣಮಾಡಬೇಕು. ತಪ್ಪಿದರೆ ಅದು ವ್ಯಾಪಾರದ ಸರಕಿನ ನಿಯಮಗಳಿಗೆ ಒಳಪಡುವುದು.

ಇನ್ನು, ಮಗನೋ ಮ‌ಗಳೋ ಮೊದಲು ಹೋಗಿ ಪ್ರಾಣಿಯು ಹಳ್ಳಿಯಲ್ಲಿ ಉಳಿಯುವ ಸಂದರ್ಭ. ಇದರಲ್ಲಿ ಭಯಪಡುವಂತಹದೇನೂ ಇಲ್ಲ. ಆದರೆ ಯಜಮಾನರು ಒಂದು ವಿಷಯವನ್ನು ಚೆನ್ನಾಗಿ ತಿಳಿದಿರಬೇಕು. ಚಿಪ್ಪು, ಲಸಿಕೆ, ರಕ್ತಪರೀಕ್ಷೆ ಮೂರೂ ಒಮ್ಮೆ ಕ್ರಮವಾಗಿ ಮುಗಿದಿದ್ದು, ಅಲ್ಲಿಂದ ಮುಂದೆ ಪ್ರತಿಯೊಂದು ಲಸಿಕೆಯನ್ನೂ ಹಿಂದಿನದರ ಅವಧಿಯು ಮುಗಿಯುವುದರೊಳಗೆ ಹಾಕಿಸುತ್ತ ಬಂದರೆ, ಐರೋಪ್ಯ ದೇಶಗಳಿಗೆ ಆ ರಕ್ತಪರೀಕ್ಷೆಯು ವರ್ಷಗಳು ಕಳೆದರೂ ಸಿಂಧುವಾಗಿಯೇ ಇರುತ್ತದೆ. ನಾಯಿಯು ಬೇಕೆಂದಾಗ ಹೊರಡಬಹುದು. ಒಂದೇ ಒಂದು ದಿವಸ ತಡವಾದರೂ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕು. ಆದುದರಿಂದ ಕಂದಾಯದ ಕಂತಿನ ತಾರೀಖನ್ನು ಗುರುತಿಸಿಡುವಂತೆ ಲಸಿಕೆಯ ತಾರೀಖನ್ನೂ ಗೋಡೆಯ ಪಂಚಾಂಗದಲ್ಲಿ ಗುರುತಿಸಿ, ಅದಕ್ಕೆ ಹದಿನೈದು ದಿವಸ ಮುಂಚೆಯೇ ಹಾಕಿಸಬೇಕು. ಪಟ್ಟಣದಲ್ಲಿ ಬೆಳೆದ ನಾಯಿಗೆ ಹಳ್ಳಿಯ ನಾಯಿಗಳ ಮರ್ಯಾದೆಯು ತಿಳಿಯದು; ಜಗಳವಾಡಿ ಕಚ್ಚಿಸಿಕೊಂಡರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಕಾಲುಗಂಟೆ ತೊಳೆದು ಕೂಡಲೇ ಪಶುವೈದ್ಯರಿಗೆ ತೋರಿಸಬೇಕು. ಆ ಕೆಲಸವನ್ನು ಮಾಡುವವರೂ ತಮ್ಮ ಕೈಗೆ ಜೊಲ್ಲು ಸೋಕದಂತೆ ನೋಡಿಕೊಳ್ಳತಕ್ಕದ್ದು.

ಮಗನ ಮನಸ್ಸು ಬದಲಾಗಿ ನಾಯಿಯನ್ನು ಕರೆಸಿಕೊಳ್ಳುವ ಮಾತೇ ನಿಂತುಹೋಗುವುದೂ ಉಂಟು. ಆಗ ಅದನ್ನು ಹೆದ್ದಾರಿಯ ಪಕ್ಕದಲ್ಲಿ ಇಳಿಸಿ ಬರುವುದು ಕ್ರೌರ್ಯವೂ ಹೌದು, ಕಾನೂನಿನ ದೃಷ್ಟಿಯಲ್ಲಿ ಅಪರಾಧವೂ ಹೌದು. ಬಿಟ್ಟ ನಾಯಿಯು ಒಂದು ಲಸಿಕೆಯ ಅವಧಿಯು ತೀರಿದ ಮೇಲೆ ಊರಿನ ಉಳಿದ ನಾಯಿಗಳಂತೆಯೇ ರೋಗಕ್ಕೆ ತೆರೆದಿರುವ ಪ್ರಾಣಿ.

ಊರಿನ ಉಳಿದ ನಾಯಿಗಳ ಮಾತನ್ನು ಎತ್ತಿದ ಮೇಲೆ ಗ್ರಾಮಮುಖ್ಯರಿಗೆ ಇನ್ನೊಂದು ಅರಿಕೆಯುಂಟು. ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಹಾಕಿದರೆ ರೋಗದ ಸರಪಳಿಯು ಕಡಿಯುವುದೆಂದು ತಜ್ಞರು ಕಂಡುಕೊಂಡಿದ್ದಾರೆ. ನೆರೆಯ ಗೋವೆಯಲ್ಲಿ ಮನೆಯ ನಾಯಿ, ಬೀದಿಯ ನಾಯಿ ಎನ್ನದೆ ಬಲೆ ಹಿಡಿದು ಲಸಿಕೆ ಹಾಕಿದುದರ ಫಲವಾಗಿ ಸತತವಾಗಿ ಮೂರು ವರ್ಷ ಮನುಷ್ಯರಲ್ಲಿ ಒಬ್ಬರೂ ಈ ರೋಗದಿಂದ ಸಾಯದೆ, ೨೦೨೧ರಲ್ಲಿ ಅದು ರೇಬೀಸ್ ನಿಯಂತ್ರಿತ ರಾಜ್ಯವೆಂದು ಘೋಷಿತವಾಯಿತು. ಭಾರತ ಸರ್ಕಾರವು ೨೦೩೦ರೊಳಗೆ ನಾಯಿಗಳಿಂದ ಬರುವ ರೇಬೀಸನ್ನು ತೊಡೆಯಬೇಕೆಂದು ಯೋಜನೆಯನ್ನು ಮಾಡಿದೆ. ಇದು ಆಗದ ಮಾತೆಂದು ತಲೆಯಾಡಿಸುವವರು ಹೆಬ್ಬಾಳವನ್ನು ನೆನೆಯಬಹುದು. ದನಗಳ ದೊಡ್ಡರೋಗಕ್ಕೆ ಔಷಧವನ್ನು ಮಾಡುವುದಕ್ಕಾಗಿ ೧೯೨೫ರಲ್ಲಿ ಮೈಸೂರು ಸರ್ಕಾರವು ಅಲ್ಲಿ ಸೀರಮ್ ಸಂಸ್ಥೆಯನ್ನು ಸ್ಥಾಪಿಸಿದಾಗ, ಕೊಟ್ಟಿಗೆಗಳನ್ನೇ ಬರಿದುಮಾಡುತ್ತಿದ್ದ ಆ ರೋಗವು ಎಂದಾದರೂ ಹೋಗುವುದೆಂದು ನಂಬಿದವರು ಎಷ್ಟು ಮಂದಿಯಿದ್ದರೋ! ೨೦೦೬ರಲ್ಲಿ ಭಾರತವು ಅದರಿಂದ ಮುಕ್ತವೆನಿಸಿತು. ೨೦೧೧ರಲ್ಲಿ ಪ್ರಪಂಚವೇ ಮುಕ್ತವಾಯಿತು. ಪಶು ಆಸ್ಪತ್ರೆಯವರು ಲಸಿಕೆಯ ಶಿಬಿರವನ್ನು ಏರ್ಪಡಿಸಿದಾಗ ಸಾಕಿದ ನಾಯಿಗಳನ್ನು ಹಗ್ಗದಲ್ಲಿ ಹಿಡಿದು ತರುವಂತೆ ಹಿಂದಿನ ದಿವಸವೇ ಡಂಗುರ ಹೊಡೆಯಿಸುವುದೂ, ಬೀದಿಯ ನಾಯಿಗಳಿಗೆ ದಿನವೂ ಅನ್ನ ಹಾಕುವವರು ಯಾರೆಂದು ಗುರುತಿಸಿ ಅವರನ್ನೇ ಮುಂದೆ ನಿಲ್ಲಿಸುವುದೂ ಗ್ರಾಮಮುಖ್ಯರಿಂದ ಸುಲಭವಾಗಿ ಆಗತಕ್ಕ ಕೆಲಸಗಳು. ಆ ನಾಯಿಗಳು ಅನ್ನ ಹಾಕಿದವರ ಕೈಗಲ್ಲದೆ ಬೇರೆಯವರ ಕೈಗೆ ಸಿಕ್ಕುವುದಿಲ್ಲ.

ಪ್ರಾಣಿಗಳನ್ನು ಕಳುಹಿಸಬೇಕಾಗಿರುವವರು ತಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಬಹುದು. ಬೆಂಗಳೂರಿಗೆ ಬರುವ ಅನುಕೂಲವುಳ್ಳವರಿಗೆ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಯೂ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇವೆ. ಬರುವಾಗ ಲಸಿಕೆಯ ಪುಸ್ತಕವನ್ನು ಮರೆಯದೆ ತರತಕ್ಕದ್ದು. ಪರದೇಶಗಳ ನಿಯಮಗಳು ಆಗಾಗ್ಗೆ ತಿದ್ದುಪಡಿಯಾಗುವುದರಿಂದ, ಆಯಾ ದೇಶದ ಸರ್ಕಾರದ ಪ್ರಕಟಣೆಯನ್ನು ಚಿಪ್ಪು ಹಾಕಿಸುವ ಮುನ್ನ ಒಮ್ಮೆಯೂ, ಟಿಕೆಟು ಕೊಳ್ಳುವ ಮುನ್ನ ಇನ್ನೊಮ್ಮೆಯೂ ಓದಿಸಿ ತಿಳಿದುಕೊಳ್ಳಬೇಕು. ಮೂಲ ಕಾಗದಗಳನ್ನು ಪೆಟ್ಟಿಗೆಗೆ ಅಂಟಿಸದೆ ಪ್ರಯಾಣಿಕರ ಕೈಯಲ್ಲಿಯೇ ಕೊಟ್ಟು, ನಕಲುಗಳನ್ನು ಮಾತ್ರ ಪೆಟ್ಟಿಗೆಯ ಮೇಲೆ ಇರಿಸುವುದು.